ಸೊನ್ನೆಗೆ ಮುಂಚಿನ ಮರ

ಗ್ಲೆನಿಸ್ ಪಾಸ್ಕೋ ಗಿಟಾರನ್ನು ತಂದದ್ದು
ಇಸ್ತ್ರಿ ಮೇಜಿನ ಹಳೇ ಹೊದಿಕೆಯಲ್ಲಿ ಸುತ್ತಿ.
ಮೂವತ್ತೊಂದು ವರ್ಷ ಜೀಲಾಂಗಿನ ಕಾರ್ಖಾನೆಯಲ್ಲಿ
ಕಾರಿನ ಬಾಗಿಲುಗಳಿಗೆ ಬಣ್ಣ ಹೊಡೆದವಳು.
ಕಾರ್ಖಾನೆ ಮುಚ್ಚಿತು, ಕೈ ಸುಮ್ಮನಾಗಲಿಲ್ಲ.

"ನಾನೇ ಕೊರೆದೆ, ಬೈಯಬೇಡ" ಅಂದಳು.

ಬೈಯಲಿಲ್ಲ. ಐದು ತೂತು,
ಒಂದೇ ಸಾಲು, ಒಂದೇ ಆಳ, ಅಂಚು ಸಿಡಿದಿಲ್ಲ.
ಇಷ್ಟು ಚೆಂದದ ತಪ್ಪನ್ನು
ಈ ಅಂಗಡಿಯಲ್ಲಿ ನಾನು ಕಂಡಿರಲಿಲ್ಲ.
ಏಳು ಮಿಲಿಮೀಟರ್ ಆಚೆಗೆ, ಅಷ್ಟೆ.
ಬಿಟ್ಟ ತಂತಿ ಸರಿಯಾಗಿಯೇ ನುಡಿಯುತ್ತದೆ;
ಬೆರಳಿಟ್ಟರೆ ಮೆಟ್ಟಿಲು ಮೆಟ್ಟಿಲಿಗೂ ಸ್ವರ ಇಳಿಯುತ್ತದೆ
ಸಾಲ ಕೇಳಲು ಬಂದವನ ದನಿಯ ಹಾಗೆ.

ಯಾವುದರಲ್ಲಿ ಅಳೆದೆ, ಕೇಳಿದೆ.
ಚೀಲದಿಂದ ಹೊರಬಂತು ಮರದ ಅಳತೆಕೋಲು,
ಯಾವುದೋ ಶಾಲೆ ಹರಾಜಿಗೆ ಹಾಕಿದ್ದು.
ತುದಿಯಿಂದಲೇ ಅಳೆದಿದ್ದಾಳೆ.
ಸೊನ್ನೆ ತುದಿಯಲ್ಲಿಲ್ಲ. ಅದಕ್ಕೂ ಮುಂಚೆ
ಒಂದಿಷ್ಟು ಮರ ಇದೆ, ಗೀಟಿಲ್ಲದ್ದು,
ಯಾವ ಲೆಕ್ಕಕ್ಕೂ ಸೇರದ್ದು.
ಇಬ್ಬರೂ ಅದನ್ನೇ ನೋಡುತ್ತ ನಿಂತೆವು.
ಆಮೇಲೆ ಅವಳು ನಕ್ಕ ನಗೆಗೆ
ಗೋಡೆಯ ಮೇಲಿನ ಗಿಟಾರುಗಳೆಲ್ಲ ಸಣ್ಣಗೆ ಮಿಡಿದವು.

ತೂತಿಗೆ ಮೇಪಲ್ ಮರದ ಗೂಟ, ಗೋಂದು, ಒಂದು ರಾತ್ರಿ.
ಬೆಳಿಗ್ಗೆ ಉಳಿಯಿಂದ ಸಮ ಮಾಡಿ
ಹೊಸ ಗುರುತು, ಸಪೂರ ಬೈರಿಗೆ,
ಸ್ಕ್ರೂ ಎಳೆಗಳಿಗೆ ತುಸು ಮೇಣ.
ಬೈರಿಗೆ ತಿರುಗುವಷ್ಟು ಹೊತ್ತು ಗ್ಲೆನಿಸ್ ಉಸಿರಾಡಲಿಲ್ಲ,
ಹಲ್ಲು ಕೀಳಿಸಿಕೊಳ್ಳುತ್ತಿರುವ ಮಗುವಿನ ತಾಯಿಯಂತೆ.

"ನಿಮ್ಮ ಭಾಷೆಯಲ್ಲಿ ಇದಕ್ಕೇನಂತಾರೆ?"
ಕುದುರೆ, ಅಂದೆ. ಅದರ ಮೇಲೆ ಈ ಆರು ಜೀನು.
"ಅಕ್ಟೋಬರಿನ ರೇಸಿನಲ್ಲಿ ನಾನು ದುಡ್ಡು ಕಟ್ಟಿದ್ದೂ
ಇಂಥದ್ದರ ಮೇಲೆಯೇ. ನಿಂತಲ್ಲೇ ನಿಂತಿತ್ತು."
ಇದು ನಿಲ್ಲಲೆಂದೇ ಇರುವ ಕುದುರೆ, ಗ್ಲೆನಿಸ್.
ಆರು ಸವಾರರು ಜಗ್ಗಿದಷ್ಟೂ ಗೊರಸು ಊರಿ
ಕೂದಲೆಳೆಯಷ್ಟೂ ಕದಲದೆ.

ಕಡ್ಡಿಯಂಥ ಚಾವಿ. ಕಾಲು ಸುತ್ತು, ಅರೆ ಸುತ್ತು.
ಹನ್ನೆರಡನೆಯ ಮೆಟ್ಟಿಲ ಮೇಲೆ ಬೆರಳು ಸೋಕಿಸಿ ಒಮ್ಮೆ,
ಒತ್ತಿ ಒಮ್ಮೆ.
ಒತ್ತಿದ್ದು ಏರಿದರೆ ಜೀನು ಹಿಂದಕ್ಕೆ,
ಇಳಿದರೆ ಮುಂದಕ್ಕೆ.
ಹೊರಗೆ ಕೊಲ್ಲಿಯ ಗಾಳಿ ಬಾಗಿಲ ಫಲಕವನ್ನು
'ಮುಚ್ಚಿದೆ'ಯ ಕಡೆಗೆ ತಿರುಗಿಸುತ್ತಲೇ ಇತ್ತು.
ಯಾರೂ ಬರಲಿಲ್ಲ.

ಐದು ತಂತಿ ಒಪ್ಪಿದವು. ಆರನೆಯದು, ದಪ್ಪನೆಯದು,
ಮೊದಲ ಮೆಟ್ಟಿಲುಗಳಲ್ಲಿ ಒಂಚೂರು ಜುಂಯ್ ಅಂತು.
ಎತ್ತಬೇಕು. ಚಾವಿ ಇಟ್ಟೆ.

ಹಾವೇರಿಯಲ್ಲಿ ನನ್ನ ಸೋದರತ್ತೆ ತುಂಗಕ್ಕ
ತಂಬೂರಿಯ ಕುದುರೆಗೂ ತಂತಿಗೂ ನಡುವೆ
ಹತ್ತಿಯ ಎಳೆ ತೂರಿಸಿ, ಅತ್ತಿತ್ತ ಜರುಗಿಸಿ
ಇದೇ ಸದ್ದಿಗಾಗಿ ಅರ್ಧ ಗಂಟೆ ಹುಡುಕುತ್ತಿದ್ದಳು,
ಒಲೆಯ ಮೇಲಿನ ಹಾಲು ಉಕ್ಕಿದರೂ.
ಆ ಎಳೆಗೆ ಜೀವಾಳ ಅಂತ ಹೆಸರು.
ಅದೇ ಸದ್ದನ್ನು ಕೊಲ್ಲಲು
ಇಲ್ಲಿ ನನಗೆ ಗಂಟೆಗೆ ನಲವತ್ತು ಡಾಲರ್.

"ಏನು ಯೋಚನೆ?"
ಇದು ಇರಲೋ, ಹೋಗಲೋ ಅಂತ.
ಗ್ಲೆನಿಸ್ ಕಿವಿಯನ್ನು ಮರಕ್ಕೇ ಆನಿಸಿದಳು.
ಕಂಪ್ರೆಸರುಗಳ ನಡುವೆ ಅರ್ಧ ಸವೆದ ಕಿವಿ.
ಮೂರು ಸಲ ಮೀಟಿದಳು.
"ಯಾವುದು?"

ಚಾವಿ ತೆಗೆದುಬಿಟ್ಟೆ.

ಬಿಲ್ಲಿನಲ್ಲಿ ಬರೆದೆ: ಗೂಟ ಐದು, ಗೋಂದು, ಹೊಸ ತಂತಿ.
ಆ ಜುಂಯ್‌ಗೆ ಏನೂ ಹಾಕಲಿಲ್ಲ.
ಹೊದಿಕೆಯಲ್ಲಿ ಸುತ್ತಿಕೊಂಡು ಹೋದಳು,
ಅಳತೆಕೋಲು ಇಲ್ಲೇ ಮರೆತು.

ಗುರುವಾರ ಬರುತ್ತಾಳಂತೆ. ಅಲ್ಲಿಯವರೆಗೆ
ಗಾಳಿಗೆ ಬಾಗಿಲು ಬಡಿಯದ ಹಾಗೆ
ಅದನ್ನೇ ಅಡ್ಡ ಕೊಟ್ಟಿದ್ದೇನೆ,
ಗೀಟಿಲ್ಲದ ತುದಿ ನೆಲಕ್ಕೆ.