ಗೋಡೆಗೊಂದು ತೂತು

ಸಂಬಾರದ ಡಬ್ಬಿಗಳಿಗೊಂದು ಹಲಗೆ, ಅಷ್ಟೇ.
ಚೌಕಿಪೇಟೆಯ ಅಂಗಡಿಯವ ಕೂಲಿ ಮುನ್ನೂರು ಅಂದಿದ್ದಕ್ಕೆ
ನಾನೇ ಹೊಡೀತೀನಿ ಬಿಡು ಅಂದೆ.
ಕೊಟ್ರೇಶ ಏನೂ ಅನ್ನಲಿಲ್ಲ,
ಸ್ಟೂಲು ಹಿಡಿದುಕೊಂಡ, ಕಣ್ಣು ಮುಚ್ಚಿಕೊಂಡ.

ಡ್ರಿಲ್ಲು ಮೊದಲು ಸುಣ್ಣ ಕಾರಿತು, ಆಮೇಲೆ ಕೆಂಪು,
ಆಮೇಲೆ ಏನೂ ಇಲ್ಲ.
ಮಿಲ್ಲಿನ ಕಾಲದ ಸಾಲುಮನೆ, ಒಂಟಿ ಇಟ್ಟಿಗೆಯ ಗೋಡೆ;
ಆಚೆಯಿಂದ ಬೆಳ್ಳುಳ್ಳಿ ಒಗ್ಗರಣೆ ಘಮ್ಮಂತ ಬಂತು,
ಹಿಂದೆಯೇ ದಿಲ್ಶಾದಕ್ಕನ ಕಣ್ಣು.

"ಏನವ್ವ ಇದು?"
"ಹಲಗೆ, ಅಕ್ಕ."
"ಹಲಗೆ ಎಲ್ಲಿ?"

ಕಣ್ಣು ಸರಿಯಿತು. ಆ ಬೆಳಕಿನ ಬೊಟ್ಟಿನಲ್ಲಿ
ಒಂದಿಷ್ಟು ನೆಲ, ಪಿಂಗಾಣಿ ಬಟ್ಟಲು,
ಬಟ್ಟಲಿಗೆ ಮೂತಿಯಿಟ್ಟ
ನಮ್ಮ ಸಸ್ಯಾಹಾರಿ ಚೆನ್ನಿ.
ಮೂರು ದಿನದಿಂದ ಹಾಲು ಮೂಸಿ ಬಿಡುತ್ತಾಳೆಂದು
ಡಾಕ್ಟರಿಗೆ ತೋರಿಸಿ, ಹನಿ ಔಷಧ ತಂದಿದ್ದೆವು.

"ಶೇರಾ, ಖಾ ಬೇಟಾ, ಇನ್ನೊಂದು ತುಂಡು."

ಶೇರಾ!
ಚೆನ್ನಿ ತಲೆಯೆತ್ತಲೂ ಇಲ್ಲ.

ಕೊಟ್ರೇಶ ನಕ್ಕ ರಭಸಕ್ಕೆ ಸ್ಟೂಲು ಅಲುಗಿತು.
ಒಲೆ ಹಚ್ಚಿದ. ಮಂಡಕ್ಕಿ ತೋಯಿಸಿ, ಹಿಂಡಿ,
ಹುರಿಗಡಲೆ ಪುಡಿ ಉದುರಿಸಿ ಕಲೆಸಿದ,
ಸೇಡಿಗೋ ಏನೋ ಎರಡು ಮೆಣಸಿನಕಾಯಿ ಹೆಚ್ಚಿಗೆ.
ಗೋಡೆಯಾಚೆ ಸೀನು. ಮತ್ತೊಂದು ಸೀನು.
"ನಮಗಿಲ್ಲೇನ್ರೀ?"

ತೂತಿನಲ್ಲಿ ತಟ್ಟೆ ಹಿಡಿಸುವುದಿಲ್ಲ,
ಸುತ್ತು ಹಾಕಿಯೇ ಹೋಗಬೇಕಾಯಿತು.

ಹಲಗೆ ಇನ್ನೂ ಬಾಗಿಲ ಹಿಂದೆ ಒರಗಿದೆ,
ಅದರ ನೆರಳಲ್ಲಿ ಚೆನ್ನಿ ಮಧ್ಯಾಹ್ನದ ನಿದ್ದೆ ತೆಗೆಯುತ್ತಾಳೆ.
ತೂತಿಗೆ ಹಳೇ ಲಂಗದ ಚೂರು ತುರುಕಿದ್ದೇನೆ;
ಸಂಜೆ ಏಳಾದರೆ
ಆಚೆಯಿಂದ ಯಾರೋ ಅದನ್ನು
ಮೆಲ್ಲಗೆ ಎಳೆದುಕೊಳ್ಳುತ್ತಾರೆ.

ಹನಿ ಔಷಧ ಮಾತ್ರ ಹಾಗೇ ಇದೆ.