ಕೊನೆಗೊಂದು ಚಮಚ ಪುಳಿ

ಮೂವತ್ತೆರಡು ವರ್ಷ ನಾಪೋಕ್ಲು ಸುತ್ತಿನ ಮದುವೆಗಳಲ್ಲಿ
ಪಂದಿಕರಿಯ ಹಂಡೆ ನನ್ನದು.
ಮದುಮಗಳ ಹೆಸರು ಮರೆತವರು ಇದ್ದಾರೆ,
ಪಳಂಗಪ್ಪನ ಕರಿ ಮರೆತವರು
ನನಗಂತೂ ಸಿಕ್ಕಿಲ್ಲ.

ಈಗ ಬೊಳ್ಳು ಬಂದಿದ್ದಾಳೆ, ಮಗಳ ಮಗಳು,
ಮಡಿಕೇರಿ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ.
ಚಪ್ಪಲಿ ಬಿಡುವ ಮೊದಲೇ ಹೇಳಿದಳು:
ಮಾಂಸ ಬೇಡ ತಾತ. ಮೊಟ್ಟೆ ಬೇಡ.
ಹಾಲು, ತುಪ್ಪ, ಮಜ್ಜಿಗೆ ಯಾವುದೂ ಬೇಡ.
ಜೇನು? ಅಂದೆ.
ಕಾಫಿ ಹೂ ಬಿಟ್ಟು ತೋಟವೆಲ್ಲ ಗುಂಯ್‌ಗುಡುವ ವಾರ ಅದು.
ಅದೂ ಬೇಡ, ಅವುಗಳದ್ದು ಅವುಗಳಿಗೇ ಇರಲಿ.
ಕಾರಣ ಹೇಳಿದಳು. ಅರ್ಧ ತಿಳಿಯಿತು.
ಇನ್ನರ್ಧವನ್ನು ನಾನೇ ಒಳಗೆ ಬಿಟ್ಟುಕೊಳ್ಳಲಿಲ್ಲ;
ಈ ಕೈಯ ಲೆಕ್ಕ ಉದ್ದವಿದೆ.

ಮತ್ತೆ ಎಂತ ತಿನ್ನುತ್ತಿ, ಗಾಳಿಯಾ?
ಗೊಣಗುತ್ತ ಕಾಫಿಗಿಟ್ಟೆ.
ನೀರು, ಬೆಲ್ಲ, ಪುಡಿ.
ಹಾಲಿನ ಪಾತ್ರೆಗೆ ಹೋದ ಕೈ ಅಲ್ಲೇ ನಿಂತಿತು.
ನನ್ನವ್ವ ಬದುಕಿಡೀ ಕುಡಿದದ್ದು ಇದನ್ನೇ ಅಲ್ಲವೆ,
ಬೆಲ್ಲದ ಕಪ್ಪು ಕಾಫಿ,
ಅದಕ್ಕೊಂದು ಹೆಸರಿಡದೆ.

ಹಿತ್ತಿಲಿನ ಎಳೆ ಹಲಸು.
ಕತ್ತಿಗೆ ತೆಂಗಿನೆಣ್ಣೆ, ಅಂಗೈಗೆ ತೆಂಗಿನೆಣ್ಣೆ,
ಆದರೂ ಮೇಣ ಮೀಸೆಗೆ ಹತ್ತಿತು. ಬೊಳ್ಳು ನಕ್ಕಳು.
ಅರಿಸಿನ, ಉಪ್ಪು ಹಾಕಿ ಬೇಯಿಸು,
ಮೆತ್ತಗಾಗಲು ಒಂದು ಗಳಿಗೆ ಇರುವಾಗಲೇ ಇಳಿಸು.
ಈರುಳ್ಳಿ, ಬೆಳ್ಳುಳ್ಳಿ, ಶುಂಠಿ,
ಗಾಂಧಾರಿ ಮೆಣಸು ನಾಲ್ಕು, ಧೈರ್ಯವಿದ್ದರೆ ಆರು.
ಕೊತ್ತಂಬರಿ, ಜೀರಿಗೆ, ಸಾಸಿವೆ, ಕರಿಮೆಣಸು
ಎಣ್ಣೆಯಿಲ್ಲದ ಬಾಣಲೆಯಲ್ಲಿ ಹುರಿ.
ಹೊಗೆ ಕಂಡು ಹೆದರಿದವರ ಅಡಿಗೆಯೂ
ಹೆದರಿಕೊಂಡೇ ಇರುತ್ತದೆ.
ಕಪ್ಪಾಗಲಿ. ಇನ್ನೂ.
ಈಗ.

ಇಷ್ಟೇನಾ? ಎಂದಳು.
ಇಷ್ಟೇ.
ನಾನೂರು ಎಲೆಗೆ ಮಾಡುವಾಗ ಇದು ವಿದ್ಯೆ ಅನಿಸುತ್ತಿತ್ತು,
ಇಬ್ಬರಿಗೆ ಮಾಡುವಾಗ ಬರೀ ಅಡಿಗೆ.

ಕೊನೆಗೆ ಕಾಚಂಪುಳಿ.
ಹೋದ ಮಳೆಯಲ್ಲಿ ಉದುರಿದ ಪಣಪುಳಿ ಹಣ್ಣು,
ಬುಟ್ಟಿಯಿಂದ ತೊಟ್ಟಿಕ್ಕಿದ ರಸ,
ಡಾಂಬರಿನಂತಾಗುವ ತನಕ ಕುದಿಸಿ ಶೀಶೆಗಿಳಿಸಿದ್ದು.
ಒಂದು ಚಮಚ. ಮುಚ್ಚಳ.
ಮುಚ್ಚಳ ತೆಗೆದಾಗ ಎದ್ದ ಆವಿಯಲ್ಲಿ
ಒಮ್ಮೆಲೇ ಅಷ್ಟೂ ಮದುವೆಮನೆಗಳು, ವಾಲಗ ಸಮೇತ.
ಸುಳ್ಳೇಕೆ, ಸ್ವಲ್ಪ ಬೇಸರವೂ ಆಯಿತು:
ನನಗೆ ಬಂದ ಹೊಗಳಿಕೆಯಲ್ಲಿ ಎಷ್ಟು ಪಾಲು
ಈ ಮರದ್ದು?

ಕಡಂಬಿಟ್ಟು ಆವಿಯಿಂದ ಇಳಿಯುವ ಹೊತ್ತಿಗೆ
ವಾಸನೆ ಹಿಡಿದು ಬಂದ ಭಾವ ಚಂಗಪ್ಪ
ಕೇಳದೆಯೇ ತಟ್ಟೆ ತೆಗೆದ.
ಅಗಿದ. ನಿಲ್ಲಿಸಿದ. ನನ್ನ ಮುಖ ನೋಡಿದ.
ಇದು ಪಂದಿ ಅಲ್ಲ.
ಅಲ್ಲ.
ಪಂದಿಯ ಹಾಗೂ ಇಲ್ಲ.
ಹಾಗಿರಬೇಕೆಂದು ಯಾರು ಹೇಳಿದರು?
ಹಲಸು ಹಲಸಿನ ಹಾಗಿದೆ.
ಅವನು ಒಪ್ಪಲಿಲ್ಲ.
ಭಾನುವಾರ ಬರುತ್ತೇನೆ, ಸರಿಯಾದ್ದು ಮಾಡು
ಎಂದು ಅರ್ಧ ಬಿಟ್ಟು ಎದ್ದ.

ಬೊಳ್ಳು ಮಾತ್ರ ಉಂಡು,
ಬೆರಳಿಗಂಟಿದ ಮಸಾಲೆ ಒಣಗಲು ಬಿಟ್ಟು,
ಕುಳಿತಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದಳು.
ಅವಳ ಲೋಟದ ಅಂಚಿನಲ್ಲಿ ಒಂದು ಜೇನ್ನೊಣ,
ಬೆಲ್ಲದ ಕಾಫಿಯ ತಳ ಹುಡುಕುತ್ತ.
ಓಡಿಸಲು ಎತ್ತಿದ ಬಟ್ಟೆಯನ್ನು
ಹೆಗಲಿಗೆ ಹಾಕಿಕೊಂಡೆ.