ಕೂಗಳತೆ

ನಾನು ಎಣಿಸುವವಳು. ಈ ಊರಲ್ಲಿ ಯಾರಿಗೆ ಹೆರಿಗೆಯಾದರೂ
ಹೆಸರಿಡುವ ಮೊದಲೇ ನನ್ನ ಮೇಜಿಗೆ ಬಂದು ಬೀಳುತ್ತದೆ
ಹೆಸರಿಲ್ಲದ ಒಂದು ಅಂಕಿ: ಇಂಥ ವಾರ್ಡು, ಇಂಥ ತಿಂಗಳು.
ನಾಲ್ಕು ವರ್ಷದ ಮೇಲೆ ಆ ಅಂಕಿ
ಹೆಗಲಿಗೆ ಚೀಲ ಹಾಕಿಕೊಂಡು ಬರುವ ಹೊತ್ತಿಗೆ
ಕೂರಲು ಒಂದು ಪುಟ್ಟ ಕುರ್ಚಿ ಇರಬೇಕು.
ಇಷ್ಟೇ ನನ್ನ ಕೆಲಸ. ಇಪ್ಪತ್ತೊಂದು ವರ್ಷದಿಂದ ಇಷ್ಟೇ.

ಕುರ್ಚಿ ಹೆಚ್ಚಾದರೂ ಬೈಗುಳ, ಕಡಿಮೆಯಾದರೂ ಬೈಗುಳ.
ಹೆಚ್ಚಾದ ವರ್ಷ ವರದಿ ಬರೆದವಳೂ ನಾನೇ:
ಗಿರಣಿ ಮುಚ್ಚಿ, ಹರೆಯದವರು ಮ್ಯಾಂಚೆಸ್ಟರಿನ ರೈಲು ಹತ್ತಿ,
ಸೇಂಟ್ ಬ್ರೈಡ್ಸ್ ಶಾಲೆಯಲ್ಲಿ ಅರುವತ್ತೆಂಟು ಸೀಟು ಹೆಚ್ಚುವರಿ.
ಹೆಚ್ಚುವರಿ! ಎಷ್ಟು ಚೊಕ್ಕ ಪದ, ಹೊಸ ಕಸಬರಿಗೆಯ ಹಾಗೆ.
ಗುಡಿಸಿಬಿಟ್ಟೆವು.
ಕೊನೆಯ ದಿನ ಅಡುಗೆಯ ಮಿಸೆಸ್ ಶಟಲ್‌ವರ್ತ್
ಮಕ್ಕಳಿಗೆಲ್ಲ ಎರಡೆರಡು ಸಲ ಕಸ್ಟರ್ಡ್ ಬಡಿಸಿದಳು,
ನನಗೆ ಬಡಿಸಲಿಲ್ಲ.

ಆಮೇಲೆ ಕಾಲುವೆ ದಂಡೆಯ ಹತ್ತಿ ಗಿರಣಿ
ಫ್ಲ್ಯಾಟುಗಳಾಗಿ ಎದ್ದು ಕೂತಿತು. ನೂರಾ ನಲವತ್ತು ಮನೆ,
ಮನೆಗೊಂದೇ ಮಲಗುವ ಕೋಣೆ.
ನಮ್ಮ ಸೂತ್ರದಂತೆ ಒಂಟಿ ಕೋಣೆಯ ಮನೆಗೆ ಮಕ್ಕಳು: ಸೊನ್ನೆ.
ಸೂತ್ರಕ್ಕೇನು ಗೊತ್ತು ಎರಡು ಕೋಣೆಯ ಬಾಡಿಗೆ?
ಬಾಲ್ಕನಿಗಳಲ್ಲಿ ಒಂದೊಂದಾಗಿ ಒಣಗತೊಡಗಿದವು
ಹೆಬ್ಬೆರಳುದ್ದದ ಕಾಲುಚೀಲ.

ಏಪ್ರಿಲ್ ಹದಿನಾರು, ಸೀಟು ಹಂಚಿದ ದಿನ.
ಬೆಳಗಿನಿಂದ ಫೋನು ಬಾಯಿ ಬಡಿದುಕೊಳ್ಳುತ್ತದೆ.
ಸಮೀನಾ ಕೌಸರ್, ಮೂರನೆಯ ಮಹಡಿ,
ಬಿಸ್ಕತ್ತು ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಕೂತವಳು:
"ಶಾಲೆ ನನ್ನ ಅಡುಗೆಮನೆ ಕಿಟಕಿಯಲ್ಲೇ ಇದೆಯಲ್ಲ, ಮಿಸೆಸ್ ಹಾರ್ಗ್ರೀವ್ಸ್?"
ನಾನು ಓದಿ ಹೇಳಿದೆ. ತರಗತಿಗೆ ಮೂವತ್ತು.
ಮೂವತ್ತನೆಯ ಮಗುವಿನ ಮನೆ, ಶಾಲೆಯ ಮುಂಗೇಟಿನಿಂದ
ಮುನ್ನೂರ ನಲವತ್ತೊಂದು ಮೀಟರು. ನಿಮ್ಮದು ಮುನ್ನೂರ ಐವತ್ತೆರಡು.
ಗೆರೆ ಎಳೆಯುವುದು ನಾನಲ್ಲ, ಯಂತ್ರ.
ನೇರ ಗೆರೆ. ಅದು ನೀರ ಮೇಲೆ ನಡೆಯುತ್ತದೆ,
ಹಿಂಗೋಡೆ ತೂರಿ, ಅಂಗಳ ಹಾದು, ಮುಂಗೇಟಿಗೆ ಹೋಗಿ ಮುಟ್ಟುತ್ತದೆ.
"ಹನ್ನೊಂದು ಮೀಟರು ಅಂದರೆ ಎಷ್ಟು?"
ಬಾಯಿಗೆ ಬಂದದ್ದು ಹೇಳಿದೆ: ಒಂದು ಬಸ್ಸಿನುದ್ದ.
ಹೇಳಬಾರದಿತ್ತು.
ಅವಳ ಇಲ್ಹಾಮಳಿಗೆ ಸಿಕ್ಕಿದ್ದು ಗುಡ್ಡದ ಮೇಲಿನ ಶಾಲೆ.
ದಿನಾ ಎರಡು ಬಸ್ಸು ಹೋಗಲು, ಎರಡು ಬಸ್ಸು ಬರಲು.
ಅಲ್ಲಿ ಹದಿನೇಳು ಕುರ್ಚಿಯಲ್ಲಿ ಗಾಳಿ ಕೂತು ಪಾಠ ಕೇಳುತ್ತದೆ.

ಮಂಗಳವಾರ ಊಟದ ಡಬ್ಬಿ ಮೇಜಿನಲ್ಲೇ ಬಿಟ್ಟು
ಕಾಲುವೆಯ ಕಡೆ ನಡೆದೆ. ಯಾರೂ ಕಳಿಸಿರಲಿಲ್ಲ.
ಈ ದಡದಲ್ಲಿ ಫ್ಲ್ಯಾಟು, ಆ ದಡದಲ್ಲಿ ಬಾಗಿಲಿಲ್ಲದ ಹಿಂಗೋಡೆ,
ನಡುವೆ ಎರಡು ಬಾತು, ಒಂದು ತೇಲುವ ಚೆಂಡು.
ಸೇತುವೆ ಸುತ್ತಿ ಬರಲು ಹೆಜ್ಜೆ ಎಣಿಸಿದೆ,
ಸಾವಿರದ ನಾನೂರರ ಆಚೆ ಲೆಕ್ಕ ತಪ್ಪಿತು.
ಎಣಿಸುವವಳಿಗೆ ಲೆಕ್ಕ ತಪ್ಪಿತು.

ಮರಳಿ ಫ್ಲ್ಯಾಟಿನ ಕೆಳಗೆ ನಿಂತೆ.
ಆಗ ಗಂಟೆ. ಗೋಡೆಯಾಚೆ ಆಟದ ಬಯಲು
ಹಾಲಿನ ಹಾಗೆ ಉಕ್ಕಿತು.
ಮೂರನೆಯ ಮಹಡಿಯಲ್ಲಿ ಕಂಬಿ ಹಿಡಿದ ಒಂದು ಹುಡುಗಿ
ಬಾಯಿಗೆ ಕೈಯಡ್ಡ ಇಟ್ಟು ಕೂಗಿದಳು. ಮಾತಲ್ಲ, ಬರೀ ಕೂಗು.
ಒಂದು ಕ್ಷಣ. ಮತ್ತೆ ಆ ಗೋಡೆ,
ಇಟ್ಟಿಗೆ ಇಟ್ಟಿಗೆಯ ಹಿಂದಿನ ಯಾರ್ಯಾರೋ,
ಓಗೊಟ್ಟಿತು.

ಸಂಜೆ ಅಪೀಲಿನ ಕಡತದಲ್ಲಿ "ಇತರೆ" ಎಂಬಲ್ಲಿ ಬರೆದೆ:
ಮನೆಯಿಂದ ಶಾಲೆ ಕೂಗಳತೆ.
ಎಷ್ಟು ಮೀಟರು ಎಂದು ಕೇಳುತ್ತಾರೆ.
ಪೆನ್ಸಿಲಿನಲ್ಲೇ ಬರೆದಿದ್ದೇನೆ.

ಕಾಯುವ ಪಟ್ಟಿಯಲ್ಲಿ ಇಲ್ಹಾಮ್ ಈಗ ಎರಡನೆಯವಳು.
ಮೊದಲನೆಯ ಹುಡುಗನ ಮನೆ ಮುನ್ನೂರ ನಲವತ್ತೇಳು ಮೀಟರು.
ಅವನ ಕಿಟಕಿ ಯಾವ ಕಡೆಗಿದೆಯೋ,
ನಾನು ಹೋಗಿ ನೋಡಿಲ್ಲ.